ಪ್ರಾಡಕ್ಟ್ ಮ್ಯಾನೇಜರ್ ಆದ ಹೊಸತರಲ್ಲಿ: ಡೆವಲಪರ್‌ಗಳೊಂದಿಗೆ ಕೆಲಸ ಮಾಡುವ ಬಗೆ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಸೇರುವ ಸಮಾಜದ ಯುವಕ ಯುವತಿಯರೆಲ್ಲ ಎಂಜಿನಿಯರಿಂಗ್ ಓದಿದವರಲ್ಲ. ಬಿ.ಕಾಂ. ಮುಗಿಸಿ ಎಂಬಿಎ ಮಾಡಿದವರು, ಕೆಲವು ವರ್ಷ ಬ್ಯಾಂಕಿನಲ್ಲೋ ಮನೆಯ ಅಂಗಡಿಯಲ್ಲೋ ದುಡಿದವರು ಕೂಡ ‘ಪ್ರಾಡಕ್ಟ್ ಮ್ಯಾನೇಜರ್’ ಹುದ್ದೆಗೆ ಆಯ್ಕೆಯಾಗುತ್ತಾರೆ. ಹಬ್ಬಕ್ಕೆ ಊರಿಗೆ ಬಂದಾಗ ಹಿರಿಯರು ಕೇಳುವ ಮೊದಲ ಪ್ರಶ್ನೆ, “ನಿನ್ನ ಕೈಕೆಳಗೆ ಎಷ್ಟು ಜನ ಇದ್ದಾರೆ?” ಹುದ್ದೆಯ ಹೆಸರಿನಲ್ಲೇ ಮ್ಯಾನೇಜರ್ ಇರುವುದರಿಂದ ಪ್ರಶ್ನೆ ಸಹಜ. ಆದರೆ ಸಾಮಾನ್ಯವಾಗಿ ಸರಿಯಾದ ಉತ್ತರ ‘ಒಬ್ಬರೂ ಇಲ್ಲ’.

ಕೋಡ್ ಬರೆಯುವ ಡೆವಲಪರ್‌ಗಳ ಬಡ್ತಿ, ರಜೆ, ಸಂಬಳದ ಮಾತನ್ನು ನೋಡಿಕೊಳ್ಳುವವರು ಎಂಜಿನಿಯರಿಂಗ್ ಮ್ಯಾನೇಜರ್. ಯಾರಿಗಾಗಿ ಏನನ್ನು ತಯಾರಿಸಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸುವವರು ಪ್ರಾಡಕ್ಟ್ ಮ್ಯಾನೇಜರ್. ಆಜ್ಞೆ ಮಾಡುವ ಅಧಿಕಾರ ಅವರಿಗಿಲ್ಲ. ತಯಾರಾದದ್ದು ಯಾರ ಉಪಯೋಗಕ್ಕೂ ಬಾರದೆ ಹೋದರೆ ಉತ್ತರ ಕೊಡಬೇಕಾದವರು ಮಾತ್ರ ಅವರೇ. ಮದುವೆ ಮನೆಯಲ್ಲಿ ಊಟದ ಉಸ್ತುವಾರಿ ಹೊತ್ತ ಸೋದರಮಾವನ ಸ್ಥಿತಿ ಇದು. ಅವರು ಅಡುಗೆಯವರಲ್ಲ, ದುಡ್ಡು ಕೊಡುವವರೂ ಅಲ್ಲ. ನಾನೂರು ಜನ, ಗೆಡ್ಡೆ ಗೆಣಸು ಬೇಡ, ಸೂರ್ಯಾಸ್ತದೊಳಗೆ ಕೊನೆಯ ಪಂಕ್ತಿ ಏಳಬೇಕು ಎಂದು ಅಡುಗೆಯವರಿಗೆ ತಿಳಿಸಿ ಅಷ್ಟಕ್ಕೆ ನಿಲ್ಲುತ್ತಾರೆ. ಸಾರಿನ ಒಗ್ಗರಣೆಗೆ ಕೈ ಹಾಕಿದ ಸೋದರಮಾವನನ್ನು ಅಡುಗೆಯವರು ಹೇಗೆ ನೋಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತು.

ಈ ಹುದ್ದೆಯ ಬೇರು ಸಾಫ್ಟ್‌ವೇರ್‌ಗಿಂತ ಹಳೆಯದು. 1931ರಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ನೀಲ್ ಮೆಕೆಲ್ರಾಯ್ ಒಂದೊಂದು ಸಾಬೂನಿನ ಪೂರ್ಣ ಹೊಣೆ ಹೊರುವ ಜನ ಬೇಕೆಂದು ಬರೆದ ಟಿಪ್ಪಣಿಯನ್ನು ಅದರ ಆರಂಭವೆಂದು ಹೇಳುತ್ತಾರೆ.

ಕರ್ನಾಟಕದ ವ್ಯಾಪಾರಿ ಕುಟುಂಬಗಳಿಗೆ ಹತ್ತಿರದ ಉದಾಹರಣೆ ಟ್ಯಾಲಿ. 1986ರಲ್ಲಿ ಬೆಂಗಳೂರಿನಲ್ಲಿ ಎಸ್.ಎಸ್. ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಇದನ್ನು ಆರಂಭಿಸಿದರು. ತಂದೆಯದು ಕಾರ್ಖಾನೆಗಳಿಗೆ, ಬಟ್ಟೆ ಗಿರಣಿಗಳಿಗೆ ಕಚ್ಚಾ ಸಾಮಗ್ರಿ ಮತ್ತು ಯಂತ್ರದ ಭಾಗ ಪೂರೈಸುವ ವ್ಯಾಪಾರ. ತಮ್ಮ ಲೆಕ್ಕಕ್ಕೆ ಒಗ್ಗುವ ಸಾಫ್ಟ್‌ವೇರ್ ಸಿಗದಿದ್ದಾಗ, ಗಣಿತ ಓದಿದ್ದ ಮಗನಿಗೆ ಅದನ್ನು ಬರೆಯಲು ಹೇಳಿದರು. ಆಗಿನ ಲೆಕ್ಕದ ಪ್ಯಾಕೇಜ್‌ಗಳಲ್ಲಿ ಪ್ರತಿ ಖಾತೆಗೂ ಒಂದು ಕೋಡ್ ಸಂಖ್ಯೆ ಕೊಟ್ಟು ಅದನ್ನು ನೆನಪಿಡಬೇಕಿತ್ತು. ಟ್ಯಾಲಿಯಲ್ಲಿ ಪುಸ್ತಕದಲ್ಲಿ ಬರೆದಂತೆ ಹೆಸರಿನಿಂದಲೇ ಖಾತೆ ನಡೆಯಿತು. ಕೋಡ್ ಬರೆದದ್ದು ಮಗ. ಅಂಗಡಿಯವನ ತೊಂದರೆ ಏನೆಂದು ಗೊತ್ತಿದ್ದದ್ದು ತಂದೆಗೆ. 2020ರಲ್ಲಿ ಭರತ್ ಗೋಯೆಂಕಾ ಅವರಿಗೆ ಪದ್ಮಶ್ರೀ ಬಂತು.

ಒಂದೇ ಮನೆಯಲ್ಲಿ ಇಬ್ಬರೂ ಇದ್ದರೆ ತೊಂದರೆಯನ್ನು ದಾಟಿಸುವುದು ಸುಲಭ. ಒಬ್ಬರು ಹಳ್ಳಿಯಲ್ಲಿ, ಇನ್ನೊಬ್ಬರು ಬೆಂಗಳೂರಿನ ಕಚೇರಿಯಲ್ಲಿದ್ದಾಗ ಏನಾಗುತ್ತದೆ ಎಂಬುದಕ್ಕೆ ಪಹಣಿಯ ಕಥೆ ಸಾಕ್ಷಿ. ರಾಜ್ಯದಲ್ಲಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಪ್ರಯತ್ನ 1991ರಲ್ಲೇ ಶುರುವಾಗಿ, 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಗಿತ್ತು. ಆದರೆ ತಾಲ್ಲೂಕು ಕಚೇರಿಗೆ ಕಂಪ್ಯೂಟರ್ ಕೊಡುವ ಏರ್ಪಾಡೇ ಅದರಲ್ಲಿರಲಿಲ್ಲ. ಜಮೀನು ಕೈ ಬದಲಾದಾಗ ದಾಖಲೆ ತಿದ್ದುವ ಕೆಲಸ ನಡೆಯುವುದು ತಾಲ್ಲೂಕಿನಲ್ಲಿ. ಹೀಗಾಗಿ ಕಂಪ್ಯೂಟರಿನ ಮಾಹಿತಿ ಹಳತಾಗುತ್ತಾ ಹೋಯಿತು, ಕೈಬರಹದ ಪುಸ್ತಕವೇ ನಿಜವಾಗಿ ಉಳಿಯಿತು.

ಮುಂದೆ ‘ಭೂಮಿ’ ಯೋಜನೆಯ ಹೊಣೆ ಹೊತ್ತವರು ಕಂದಾಯ ಇಲಾಖೆಯ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಸಾಫ್ಟ್‌ವೇರ್ ಬರೆದದ್ದು ರಾಷ್ಟ್ರೀಯ ಮಾಹಿತಿ ಕೇಂದ್ರದ ಡೆವಲಪರ್‌ಗಳು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು, 177 ತಾಲ್ಲೂಕುಗಳು. ಈ ಸಲ ಕಂಪ್ಯೂಟರ್ ತಾಲ್ಲೂಕು ಕಚೇರಿಗೇ ಬಂತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲೇ ತೆಗೆದುಕೊಳ್ಳಬೇಕು, ಮೊದಲಿನದನ್ನು ಬದಿಗಿಟ್ಟು ಹಿಂದಿನದಕ್ಕೆ ಕೈ ಹಾಕುವಂತಿಲ್ಲ ಎಂಬುದನ್ನು ಸಾಫ್ಟ್‌ವೇರಿನೊಳಗೇ ಕಟ್ಟಲಾಯಿತು. ದಾಖಲೆ ತಿದ್ದುವ ಸಿಬ್ಬಂದಿಯ ಬೆರಳಚ್ಚು ಬೇಕಾಯಿತು. ಕಿಟಕಿಯ ಹೊರಗೆ ನಿಂತ ರೈತನಿಗೂ ಕಾಣುವಂತೆ ಎರಡನೇ ಪರದೆ ಇಟ್ಟರು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಸಂತೇಬೆನ್ನೂರು ಹೋಬಳಿಯ ರೈತ ಬೆಳೆ ಸಾಲಕ್ಕಾಗಿ ಚನ್ನಗಿರಿಗೆ ಬಂದರೆ ಗ್ರಾಮಲೆಕ್ಕಿಗರನ್ನು ಹುಡುಕಿಕೊಂಡು ಅಲೆಯುವುದು ತಪ್ಪಿತು. ಎರಡೂ ಪ್ರಯತ್ನಗಳ ನಡುವಿನ ದೊಡ್ಡ ವ್ಯತ್ಯಾಸ ಕೋಡ್ ಬರೆದವರ ಜಾಣತನವಲ್ಲ. ಕೆಲಸ ಎಲ್ಲಿ ನಡೆಯುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಎರಡನೇ ಸಲ ಅವರಿಗೆ ಸರಿಯಾಗಿ ತಲುಪಿತ್ತು.

ಅಡಿಕೆ ಲೆಕ್ಕದ ಉದಾಹರಣೆ

ಸಂತೇಬೆನ್ನೂರಿನ ಹೆಸರು ಹೇಳಿದರೆ ಹೊರಗಿನವರಿಗೆ ನೆನಪಾಗುವುದು ಪುಷ್ಕರಣಿ. ಊರವರಿಗೆ ಮಾತ್ರ ಅಡಿಕೆ, ತೆಂಗು, ಮೆಕ್ಕೆಜೋಳ. ಈ ಊರಿನ ಯುವತಿಯೊಬ್ಬಳು ಬೆಂಗಳೂರಿನಲ್ಲಿ, ಅಡಿಕೆ ವ್ಯಾಪಾರಿಗಳಿಗಾಗಿ ಆ್ಯಪ್ ತಯಾರಿಸುವ ತಂಡಕ್ಕೆ ಪ್ರಾಡಕ್ಟ್ ಮ್ಯಾನೇಜರ್ ಆಗಿ ಸೇರಿದ್ದಾಳೆ ಎಂದು ಊಹಿಸಿಕೊಳ್ಳಬಹುದು. ತಂಡದ ಆರು ಡೆವಲಪರ್‌ಗಳಲ್ಲಿ ಯಾರೂ ಅಡಿಕೆ ತೋಟ ಕಂಡವರಲ್ಲ. ಆಕೆಗೆ ಕೋಡ್ ಬಾರದು. ಸಭೆಯಲ್ಲಿ ಅವರು ಆಡುವ ಅರ್ಧ ಮಾತು ತಿಳಿಯದು. ತನ್ನನ್ನು ಯಾರೂ ಲೆಕ್ಕಕ್ಕೆ ಇಟ್ಟಿಲ್ಲವೆಂಬ ಅಳುಕು ಬೇರೆ.

ಡೆವಲಪರ್‌ಗಳು ಮೊದಲೇ ಒಂದು ಖರೀದಿ ಪರದೆ ಮಾಡಿಟ್ಟಿದ್ದಾರೆ: ರೈತನ ಹೆಸರು, ತೂಕ, ದರ, ಮೊತ್ತ. ದರ ತುಂಬದಿದ್ದರೆ ಪರದೆ ಮುಂದೆ ಹೋಗದು. ಜಗತ್ತಿನ ಯಾವ ಅಂಗಡಿಗೂ ಇದು ಸರಿ, ಖೇಣಿ ವ್ಯಾಪಾರಕ್ಕೆ ಮಾತ್ರ ತಪ್ಪು. ಖೇಣಿಯಲ್ಲಿ ವ್ಯಾಪಾರಿ ಕೊಯ್ಲಿಗೆ ಮೊದಲೇ ತೋಟದ ಫಸಲಿನ ಬಗ್ಗೆ ಮಾತಾಡಿ ಮುಂಗಡ ಕೊಟ್ಟಿರುತ್ತಾನೆ. ತೋಟದಲ್ಲಿ ತೂಗುವುದು ಹಸಿ ಅಡಿಕೆ. ಒಂದು ಕ್ವಿಂಟಾಲ್ ಹಸಿ ಅಡಿಕೆಗೆ ಇಷ್ಟು ಕೆ.ಜಿ. ಒಣ ಅಡಿಕೆ ಎಂದು ಒಪ್ಪಂದ. ಸುಲಿದು, ಬೇಯಿಸಿ, ಒಣಗಿಸುವ ಕೆಲಸ ವ್ಯಾಪಾರಿಯ ಕಣದಲ್ಲಿ. ದರ ತೀರ್ಮಾನವಾಗುವುದು ಎಷ್ಟೋ ದಿನಗಳ ನಂತರ. ಅಂದರೆ ಒಂದು ತೂಕವಲ್ಲ, ಎರಡು. ದರವಂತೂ ಆ ದಿನ ಇರುವುದೇ ಇಲ್ಲ.

ಹೀಗಿರುವಾಗ ಅಂಗಡಿಯ ಗುಮಾಸ್ತ ಏನು ಮಾಡುತ್ತಾನೆ? ಪರದೆ ಮುಂದೆ ಹೋಗಲಿ ಎಂದು ದರದ ಜಾಗದಲ್ಲಿ 1 ರೂಪಾಯಿ ಎಂದು ಹಾಕುತ್ತಾನೆ. ನಿಜವಾದ ಲೆಕ್ಕವನ್ನು ಪಕ್ಕದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ. ಬೆಂಗಳೂರಿನಲ್ಲಿ ಕುಳಿತವರಿಗೆ ಆ್ಯಪ್ ಚೆನ್ನಾಗಿ ಬಳಕೆಯಾಗುತ್ತಿರುವಂತೆ ಕಾಣುತ್ತದೆ. ವರ್ಷದ ಕೊನೆಯಲ್ಲಿ ರೈತನಿಗೆ ಬರಬೇಕಾದ ಹಣದ ಲೆಕ್ಕ ಕೂಡಿಬಾರದೆ ಅಂಗಡಿ ಮುಂದೆ ಜಗಳವಾದಾಗಲೇ ಗುಟ್ಟು ಹೊರಬೀಳುವುದು.

ಇಲ್ಲಿ ಹೊಸ ಪ್ರಾಡಕ್ಟ್ ಮ್ಯಾನೇಜರ್ ಸಾಮಾನ್ಯವಾಗಿ ಹೇಳುವ ಮಾತು, “ದರದ ಕಾಲಂ ಕಡ್ಡಾಯ ಬೇಡ, ತೆಗೆದುಬಿಡಿ.” ಡೆವಲಪರ್ ಐದು ನಿಮಿಷದಲ್ಲಿ ತೆಗೆಯುತ್ತಾರೆ. ಸಮಸ್ಯೆ ಬೇರೆ ಕಡೆಯಿಂದ ತಲೆಯೆತ್ತುತ್ತದೆ, ಏಕೆಂದರೆ ಆಕೆ ಕೊಟ್ಟದ್ದು ಪರಿಹಾರ, ತೊಂದರೆಯ ವಿವರವಲ್ಲ. ಅದರ ಬದಲು ಹಸಿ ತೂಕದ ಚೀಟಿಯಿಂದ ಹಿಡಿದು ಹಣ ಕೈ ಸೇರುವ ದಿನದವರೆಗಿನ ಕಥೆಯನ್ನು ಪೂರ್ತಿ ಹೇಳಿ, ಹಳೆಯ ನೋಟ್‌ಬುಕ್ಕಿನ ನಾಲ್ಕು ಪುಟ ತೋರಿಸಿ ಸುಮ್ಮನಾದರೆ, ಡೆವಲಪರ್ ಯೋಚಿಸತೊಡಗುತ್ತಾರೆ. ಬ್ಯಾಂಕ್ ರೂಪಾಯಿಯಲ್ಲಿ ಖಾತೆ ಇಡುವಂತೆ ರೈತನಿಗೆ ಒಣ ಅಡಿಕೆಯ ಕಿಲೋದಲ್ಲೇ ಒಂದು ಖಾತೆ ಇಟ್ಟು, ಮುಂಗಡಕ್ಕೆ ಬೇರೆ ಖಾತೆ ಇಟ್ಟು, ದರ ಮುರಿದ ದಿನ ಎರಡನ್ನೂ ಸೇರಿಸಿದರೆ ಹೇಗೆ ಎಂದು ಅವರೇ ಕೇಳಬಹುದು. ಅಂಗಡಿಯವರಿಗೂ ಪ್ರಾಡಕ್ಟ್ ಮ್ಯಾನೇಜರ್‌ಗೂ ಹೊಳೆಯದ ದಾರಿ ಅದು.

ಜೊತೆಗೆ ಪ್ರಶ್ನೆಗಳೂ ಬರುತ್ತವೆ. ರೈತ ಒಣ ಅಡಿಕೆಯಲ್ಲಿ ಅರ್ಧವನ್ನು ವಾಪಸ್ ಒಯ್ದರೆ? ಎರಡನೇ ಕೊಯ್ಲಿಗೆ ಒಪ್ಪಂದ ಬದಲಾದರೆ? ಅಣ್ಣತಮ್ಮಂದಿರು ತೋಟ ಪಾಲು ಮಾಡಿಕೊಂಡು ಮುಂಗಡ ಮಾತ್ರ ಒಬ್ಬರ ಹೆಸರಿನಲ್ಲಿದ್ದರೆ? ಹೊಸಬರಿಗೆ ಇದು ಅಡ್ಡಗಾಲು ಹಾಕಿದಂತೆ, ತಮ್ಮನ್ನು ಪರೀಕ್ಷಿಸಿದಂತೆ ಅನಿಸುವುದುಂಟು. ನಿಜಕ್ಕೂ ಡೆವಲಪರ್‌ಗಳಿಂದ ಸಿಗುವ ಅತ್ಯಂತ ಬೆಲೆಬಾಳುವ ವಸ್ತು ಈ ಪ್ರಶ್ನೆಗಳೇ. ಯಂತ್ರಕ್ಕೆ ‘ನೋಡಿಕೊಂಡು ಮಾಡು’ ಎಂದು ಹೇಳಲಾಗದು, ಪ್ರತಿ ಸಂದರ್ಭಕ್ಕೂ ಏನು ಮಾಡಬೇಕೆಂದು ಬರೆಯಲೇಬೇಕು. ಉತ್ತರ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ನಾಳೆ ಕೇಳಿ ಹೇಳುತ್ತೇನೆ’ ಎಂದು ಒಪ್ಪಿಕೊಂಡು, ಮರುದಿನ ನಿಜವಾಗಿಯೂ ಹೇಳುವವರಿಗೆ ತಂಡದಲ್ಲಿ ಗೌರವ ತಾನಾಗಿ ಬೆಳೆಯುತ್ತದೆ. ಕೋಡ್ ಕಲಿಯಬೇಕೇ ಎಂದರೆ, ಮಾಹಿತಿ ಹುಡುಕಲು ಬೇಕಾದಷ್ಟು ಎಸ್‌ಕ್ಯೂಎಲ್ ಕಲಿತರೆ ಅನುಕೂಲ. ಗೊತ್ತಿರುವಂತೆ ನಟಿಸಿದರೆ ಮಾತ್ರ ಒಂದೇ ವಾರದಲ್ಲಿ ಸಿಕ್ಕಿಬೀಳುತ್ತಾರೆ.

ದಿನದ ಲೆಕ್ಕ, ಸಾಲದ ಲೆಕ್ಕ

ಮನಸ್ತಾಪ ಹೆಚ್ಚಾಗಿ ಹುಟ್ಟುವುದು ದಿನಗಳ ಲೆಕ್ಕದಲ್ಲಿ. “ಎಷ್ಟು ದಿನ ಬೇಕು?” ಎಂದು ಕೇಳಿದಾಗ ಡೆವಲಪರ್ “ಹತ್ತು ದಿನ ಆಗಬಹುದು” ಎನ್ನುತ್ತಾರೆ. ಅದು ಅಂದಾಜು. ಪ್ರಾಡಕ್ಟ್ ಮ್ಯಾನೇಜರ್ ಮೇಲಿನವರಿಗೆ “ಹತ್ತನೇ ದಿನ ಕೊಡುತ್ತೇವೆ” ಎಂದುಬಿಡುತ್ತಾರೆ. ಅದು ಮಾತು ಕೊಟ್ಟಂತೆ. ಹನ್ನೆರಡನೇ ದಿನ ಬೈಗುಳ ತಿನ್ನುವವರು ಡೆವಲಪರ್. ಒಮ್ಮೆ ಹೀಗಾದರೆ ಮುಂದಿನ ಸಲ ಅವರು ಹತ್ತರ ಜಾಗದಲ್ಲಿ ಇಪ್ಪತ್ತು ಹೇಳುತ್ತಾರೆ, ಮತ್ತೆಂದೂ ನಿಜವಾದ ಸಂಖ್ಯೆ ಹೊರಗೆ ಬರುವುದಿಲ್ಲ.

ತಡವಾದ ಕೆಲಸಕ್ಕೆ ಇನ್ನೂ ನಾಲ್ಕು ಜನರನ್ನು ಸೇರಿಸೋಣ ಎಂಬ ಯೋಚನೆಯೂ ಸಹಜ. ಅಡಿಕೆ ಸುಲಿಯಲು ಅದು ನಡೆಯುತ್ತದೆ. ಸಾಫ್ಟ್‌ವೇರ್‌ನಲ್ಲಿ ನಡೆಯದು ಎಂಬುದನ್ನು ಐಬಿಎಂನಲ್ಲಿ ದೊಡ್ಡ ಯೋಜನೆ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು. ಹೊಸಬರಿಗೆ ಕಲಿಸುವುದರಲ್ಲಿ ಹಳಬರ ಸಮಯ ಹೋಗಿ, ತಡವಾದದ್ದು ಇನ್ನಷ್ಟು ತಡವಾಗುತ್ತದೆ. ಕೆಲಸವನ್ನೇ ಕಡಿಮೆ ಮಾಡುವುದು ಮೇಲು. ಕೊಯ್ಲು ಶುರುವಾಗುವ ಮೊದಲು ಹಸಿ ತೂಕದ ಚೀಟಿಯೊಂದು ಸರಿಯಾಗಿ ನಡೆದರೆ ಸಾಕು, ದರ ಮುರಿಯುವ ಪರದೆಗೆ ಇನ್ನೂ ಸಮಯವಿದೆ ಎಂದು ಹೇಳಬಲ್ಲವರು ಅಡಿಕೆಯ ಋತು ಬಲ್ಲ ಪ್ರಾಡಕ್ಟ್ ಮ್ಯಾನೇಜರ್ ಮಾತ್ರ. ಕೆಲಸವನ್ನು ಎರಡೆರಡು ವಾರದ ತುಂಡುಗಳಾಗಿ ಮಾಡಿಕೊಳ್ಳುವ ರೂಢಿ ಅನೇಕ ತಂಡಗಳಲ್ಲಿದೆ. ಆ ತುಂಡು ಶುರುವಾದ ಮೇಲೆ ನಡುವೆ ಹೊಸದನ್ನು ತುರುಕದಿರುವುದು, ದಿನಕ್ಕೆ ಐದು ಸಲ ಪಕ್ಕದಲ್ಲಿ ನಿಂತು ‘ಆಯ್ತಾ?’ ಎಂದು ಕೇಳದಿರುವುದು, ಇಷ್ಟು ಪಾಲಿಸಿದರೂ ಅರ್ಧ ಜಗಳ ಕಡಿಮೆ.

ಡೆವಲಪರ್‌ಗಳು ಆಗಾಗ ‘ಹಳೆಯ ಕೋಡ್ ಸರಿಪಡಿಸಲು ಸಮಯ ಕೊಡಿ’ ಎನ್ನುತ್ತಾರೆ. ಹೊರಗೆ ಕಾಣುವ ಹೊಸತೇನೂ ಇಲ್ಲದ್ದರಿಂದ ಇದು ಸೋಮಾರಿತನದಂತೆ ತೋರಬಹುದು. ಅವಸರದಲ್ಲಿ ಬರೆದ ಕೋಡನ್ನು ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್ 1992ರಲ್ಲಿ ಸಾಲಕ್ಕೆ ಹೋಲಿಸಿದರು. ವ್ಯಾಪಾರಿ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಲ ಮಾಡುವುದು ತಪ್ಪಲ್ಲ, ತೀರಿಸದಿದ್ದರೆ ಬಡ್ಡಿ ಬೆಳೆದು ದುಡಿಮೆಯೆಲ್ಲ ಅದಕ್ಕೇ ಹೋಗುತ್ತದೆ.

ಪರೀಕ್ಷೆಗೆ ಸಮಯ ಕೇಳುವುದೂ ಹೀಗೆಯೇ. 50,000 ರೂಪಾಯಿಗಿಂತ ಹೆಚ್ಚಿನ ಸರಕಿಗೆ ಬೇಕಾದ ಇ-ವೇ ಬಿಲ್ ದೇಶದಾದ್ಯಂತ ಕಡ್ಡಾಯವಾದ 2018ರ ಫೆಬ್ರುವರಿ 1ರಂದೇ ಪೋರ್ಟಲ್ ಕೈಕೊಟ್ಟು, ನಿಯಮವನ್ನೇ ಮುಂದೂಡಬೇಕಾಯಿತು. ಏಪ್ರಿಲ್ 1ರಂದು ಅದು ಮತ್ತೆ ಶುರುವಾಯಿತು. ರಾಜ್ಯದೊಳಗಿನ ಸಾಗಣೆಗೂ ಅಂದೇ ಜಾರಿ ಮಾಡಿದ್ದು ಕರ್ನಾಟಕ ಮಾತ್ರ.

ಕಲ್ಪನೆಯ ಆ ಯುವತಿಗೆ ಮೊದಲ ತಿಂಗಳಲ್ಲಿ ಮಾಡಬಹುದಾದ ಒಳ್ಳೆಯ ಕೆಲಸವೊಂದಿದೆ. ಕೊಯ್ಲಿನ ಕಾಲದಲ್ಲಿ ಇಬ್ಬರು ಡೆವಲಪರ್‌ಗಳನ್ನು ಊರಿಗೆ ಕರೆದುಕೊಂಡು ಬರುವುದು. ರಾತ್ರಿ ರೈಲಿಗೆ ದಾವಣಗೆರೆ, ಅಲ್ಲಿಂದ ಬಸ್ಸು. ಬೆಳಿಗ್ಗೆ ತೋಟದಲ್ಲಿ ಹಸಿ ಅಡಿಕೆ ತೂಗುವುದನ್ನು, ಮಧ್ಯಾಹ್ನ ಕಣದಲ್ಲಿ ಬೇಯಿಸಿ ಹರವುವುದನ್ನು, ಸಂಜೆ ಅಂಗಡಿಯಲ್ಲಿ ಗುಮಾಸ್ತನ ಪಕ್ಕ ಕುಳಿತು ಅವನು ಯಾವಾಗ ಫೋನ್ ಬಿಟ್ಟು ನೋಟ್‌ಬುಕ್ ತೆರೆಯುತ್ತಾನೆ ಎಂಬುದನ್ನು ನೋಡಿದರೆ ಸಾಕು. ಪುಷ್ಕರಣಿ ನೋಡುವುದಕ್ಕೂ ಅರ್ಧ ಗಂಟೆ ಸಿಗುತ್ತದೆ. ವಾಪಸ್ ಹೋಗುವ ರೈಲಿನಲ್ಲಿ ಅವರಿಬ್ಬರೇ ಕಾಗದದ ಮೇಲೆ ಆ ಖರೀದಿ ಪರದೆಯನ್ನು ಹೊಸದಾಗಿ ಬರೆಯತೊಡಗಿದರೆ, ಆಕೆ ಮಾಡಬೇಕಾದದ್ದು ಕೇಳಿದ್ದಕ್ಕೆ ಉತ್ತರ ಹೇಳುವುದಷ್ಟೇ.