ಅಕ್ಕಡಿ ಸಾಲೂ ಬೆಳೆ ವಿಮೆಯೂ

ಯಳಂದೂರು, ಕೊಳ್ಳೇಗಾಲ ಮತ್ತು ಹನೂರು ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿದ್ದರೂ, ಯಾವ ಹೊಲಕ್ಕೆ ಯಾವ ಬೆಳೆ ಎಂಬ ತೀರ್ಮಾನದ ಮೇಲೆ ಸರ್ಕಾರದ ಕೃಷಿನೀತಿ ಬೀರುವ ಪರಿಣಾಮ ಮೂರರಲ್ಲೂ ಒಂದೇ ಬಗೆಯದಲ್ಲ. ಕಬಿನಿ ನಾಲೆ ಮತ್ತು ಸುವರ್ಣಾವತಿ ಜಲಾಶಯದ ನೀರು ಹರಿಯುವ ಬಯಲಿನಲ್ಲಿ ಕಬ್ಬು ನೆಲೆನಿಂತಿರುವುದಕ್ಕೆ ನೀರಿನಷ್ಟೇ ಬೆಲೆಯ ಭರವಸೆಯೂ ಕಾರಣ: ಕುಂತೂರಿನಲ್ಲಿ ಸಕ್ಕರೆ ಕಾರ್ಖಾನೆಯಿದ್ದು, ಕೇಂದ್ರ ಸರ್ಕಾರ ಗೊತ್ತುಪಡಿಸಿದ ದರಕ್ಕಿಂತ ಕಡಿಮೆ ಕೊಡುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ.

ಮಳೆಯನ್ನೇ ನಂಬಿದ ಹನೂರಿನ ಬೆದ್ದಲಿಗೆ ಇಂಥ ಆಸರೆಯಿಲ್ಲ. 2024-25ರಲ್ಲಿ ಕ್ವಿಂಟಲ್ ರಾಗಿಗೆ 4,290 ರೂಪಾಯಿ, ಮುಸುಕಿನ ಜೋಳಕ್ಕೆ 2,225 ರೂಪಾಯಿ ಬೆಂಬಲ ಬೆಲೆಯಿತ್ತು. ಆದರೆ ಖರೀದಿ ಕೇಂದ್ರ ತೆರೆಯದೆ ಬೆಂಬಲ ಬೆಲೆ ರೈತನ ಕೈಸೇರದು. ಪಡಿತರಕ್ಕಾಗಿ ರಾಗಿಯನ್ನು ಸರ್ಕಾರ ಕೊಳ್ಳುತ್ತದೆ, ಜೋಳ ಬಹುಮಟ್ಟಿಗೆ ವ್ಯಾಪಾರಿಗಳ ಪಾಲು. ಹಾಗಿದ್ದೂ ಎಕರೆಯ ಇಳುವರಿ ಹೆಚ್ಚೆಂಬ ಲೆಕ್ಕ ಜೋಳದ ಕಡೆಗೇ ವಾಲುತ್ತದೆ.

2016ರ ಮುಂಗಾರಿನಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರಧಾನ್ಯ ಮತ್ತು ಎಣ್ಣೆಕಾಳಿಗೆ ರೈತ ವಿಮಾ ಮೊತ್ತದ ಶೇ 2ರಷ್ಟು ಕಂತು ಕಟ್ಟುತ್ತಾನೆ. ಉಳಿದುದನ್ನು ಸರ್ಕಾರಗಳು ಭರಿಸುತ್ತವೆ. ಪರಿಹಾರ ನಿರ್ಧಾರವಾಗುವುದು ಮಾತ್ರ ಅವನ ಹೊಲದ ಫಸಲಿನಿಂದಲ್ಲ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ ಒಂದು ಘಟಕ. ಅಲ್ಲಿ ಆಯ್ದ ತಾಕುಗಳಲ್ಲಿ ನಡೆಯುವ ಬೆಳೆ ಕಟಾವು ಪ್ರಯೋಗದ ಸರಾಸರಿ, ಹಿಂದಿನ ವರ್ಷಗಳ ಇಳುವರಿಯಿಂದ ಲೆಕ್ಕಹಾಕಿದ ಪ್ರಾರಂಭಿಕ ಇಳುವರಿಗಿಂತ ಎಷ್ಟು ಕುಸಿದಿದೆಯೋ ಅಷ್ಟು ಪಾಲು ಎಲ್ಲರಿಗೂ ಸಲ್ಲುತ್ತದೆ. ಪ್ರಾರಂಭಿಕ ಇಳುವರಿ ಹತ್ತು ಕ್ವಿಂಟಲ್ ಇದ್ದು ಘಟಕದ ಸರಾಸರಿ ಏಳಾದರೆ, ಪೂರ್ತಿ ಒಣಗಿದ ಹೊಲಕ್ಕೂ ವಿಮಾ ಮೊತ್ತದ ಶೇ 30 ಮಾತ್ರ. ಬೆಟ್ಟದ ಮಗ್ಗುಲಲ್ಲಿ ಮಳೆ ಹೊಲದಿಂದ ಹೊಲಕ್ಕೆ ಬೇರೆಯಾಗುವ ಸೀಮೆಗೆ ಈ ಅಳತೆ ಒರಟು.

ಅದಕ್ಕಿಂತ ಗಂಭೀರವಾದುದು, ವಿಮೆ ಬೆಳೆಯನ್ನು ಒಂದೊಂದಾಗಿ ಮಾತ್ರ ಗುರುತಿಸುತ್ತದೆ ಎಂಬುದು. ಕೂರಿಗೆಯಲ್ಲಿ ರಾಗಿ ಬಿತ್ತುತ್ತಾ, ಅದರ ಹಿಂದೆ ಕಟ್ಟಿದ ಸಡ್ಡೆಯಲ್ಲಿ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಬಿಡುವ ಪದ್ಧತಿಯಲ್ಲಿ, ರಾಗಿ ಕೈಕೊಟ್ಟರೂ ತಡವಾಗಿ ಮಾಗುವ ಕಾಳು ಹಿಂಗಾರಿನ ಹದದಲ್ಲಿ ಉಳಿಯುತ್ತಿತ್ತು. ಕಂತು ಕೇಳದ ವಿಮೆಯೆಂದರೆ ಅದೇ. ಅಕ್ಕಡಿ ಕ್ಷೀಣಿಸಲು ಜೋಳದ ಮಾರುಕಟ್ಟೆಯೇ ಮೊದಲ ಕಾರಣವಿರಬೇಕು, ಆದರೆ ಅದನ್ನು ಉಳಿಸಿಕೊಂಡವನಿಗೆ ವಿಮೆಯಿಂದ ವಿಶೇಷ ಲಾಭವೂ ಇಲ್ಲ.

ಕಾಲದ ತೊಡಕೂ ಇದೆ. ಮುಂಗಾರು ಬೆಳೆಗಳ ನೋಂದಣಿ ಸಾಮಾನ್ಯವಾಗಿ ಜುಲೈ, ಆಗಸ್ಟ್‌ಗಳಲ್ಲೇ ಮುಗಿಯುತ್ತದೆ. ಮಳೆ ತಡವಾಗಿ ಜೋಳವನ್ನು ಉತ್ತು ಹುರುಳಿ ಚೆಲ್ಲಿದರೆ, ವಿಮೆ ಪತ್ರದಲ್ಲಿ ಜೋಳ, ಬೆಳೆ ಸಮೀಕ್ಷೆಯಲ್ಲಿ ಹುರುಳಿ ದಾಖಲಾಗಿ, ಎರಡೂ ತಾಳೆಯಾಗದೆ ಪರಿಹಾರ ತಿರಸ್ಕೃತವಾಗುವ ಸಂಭವವಿರುತ್ತದೆ. ಹಾಗಾಗಿ ಕಂತು ಕಟ್ಟಿದ ರೈತನಿಗೆ ಹುರುಳಿಯ ಹದ ಬಂದಿದ್ದರೂ ಬಾಡಿದ ಜೋಳವನ್ನು ಹೊಲದಲ್ಲೇ ಬಿಡುವುದು ಲಾಭದ ದಾರಿಯಾಗಿ ಕಾಣುತ್ತದೆ.