ಖಾಲಿ ಪಿಸ್ತೂಲಿನ ಗುಂಡು

2004ರ ಏಪ್ರಿಲ್, ಅಮೆರಿಕದ ಆರ್ಲ್ಯಾಂಡೊ. ಮಾದಕವಸ್ತು ನಿಗ್ರಹ ದಳದ ಅಧಿಕಾರಿಯೊಬ್ಬರು ಮಕ್ಕಳಿಗೆ ಬಂದೂಕಿನ ಪಾಠ ಹೇಳ್ತಿದ್ರು. ಈ ಕೋಣೆಯಲ್ಲಿ ಗ್ಲಾಕ್ ಪಿಸ್ತೂಲು ಹಿಡಿಯೋಷ್ಟು ಪಳಗಿದವನು ನಾನೊಬ್ಬನೇ ಅನ್ನೋ ಅರ್ಥದ ಮಾತಾಡಿದ್ರು. ಸ್ವಲ್ಪದರಲ್ಲೇ ಢಂ! ಗುಂಡು ಅವರದೇ ಕಾಲಿಗೆ. ಅಷ್ಟಾದ್ಮೇಲೂ ರೈಫಲ್ ತೋರಿಸೋಕೆ ಹೋದ್ರೆ, ಕೂತಿದ್ದವರೇ 'ಕೆಳಗಿಡಿ' ಅಂತ ಕೂಗಿಕೊಂಡ್ರು. ಪಾಠ ಕೂತಿದ್ದವರಿಗೆ ಬೇಗ ಹತ್ತಿತ್ತು, ನೋಡಿ!

ಪಳಗಿದ ಕೈ ಎಡವೋದು ಎಲ್ಲಿ? ಗುಂಡು ತುಂಬಿರೋ ಮ್ಯಾಗಜಿನ್ ತೆಗೆದು ಪಿಸ್ತೂಲು ಖಾಲಿ ಅಂದ್ಕೊಂಡರೂ ಚೇಂಬರ್‌ನಲ್ಲಿ, ಅಂದ್ರೆ ಗುಂಡು ಕೂತು ಹಾರೋ ಗೂಡಲ್ಲಿ, ಒಂದು ಗುಂಡು ಉಳಿದಿರಬಹುದು. ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಎಳೆದು ಬಿಟ್ಟು, ಆಮೇಲೆ ಮ್ಯಾಗಜಿನ್ ತೆಗೆದ್ರೆ, ಹೊರಬಿದ್ದ ಗುಂಡಿನ ಜಾಗಕ್ಕೆ ಇನ್ನೊಂದು ಬಂದು ಕೂತಿರುತ್ತೆ. ಗ್ಲಾಕ್ ಬಿಚ್ಚಿ ಒರೆಸೋಕಂತೂ ಟ್ರಿಗರ್ ಒತ್ತಲೇಬೇಕು; ಗುಂಡು ಉಳಿದಿದ್ರೆ ಹಾರುತ್ತೆ! ಅದಕ್ಕೇ ಮೊದಲು ಮ್ಯಾಗಜಿನ್, ಆಮೇಲೆ ಸ್ಲೈಡ್. ಚೇಂಬರನ್ನು ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡ್ಬೇಕು. ಆಗಲೂ ನಳಿಗೆ ಯಾರ ಕಡೆಗೂ ತಿರುಗಿರಬಾರದು.