ಹಳೆಯ ಟ್ರೇಲರಿನಲ್ಲೊಂದು ಕಾವಲು ಮನೆ

ಕಳೆದ ಮಹಾಸಭೆಗೆ ಬಂದಿದ್ದ ಹಲವು ಸದಸ್ಯರು ಸಂಘದ ಗೊಬ್ಬರದ ಗೋದಾಮಿನ ಹಿಂದೆ ನಿಂತಿರುವ ತಗಡಿನ ಗೂಡುಗಾಡಿಯನ್ನು ಕಂಡು, ಇದೇನು, ಹೇಗೆ ಮಾಡಿಸಿದಿರಿ, ನಾವೂ ಒಂದನ್ನು ಮಾಡಿಸಬಹುದೇ ಎಂದು ವಿಚಾರಿಸಿದರು. ಅಂದಿನ ಗಡಿಬಿಡಿಯಲ್ಲಿ ಎಲ್ಲರಿಗೂ ಉತ್ತರ ಹೇಳಲಾಗಲಿಲ್ಲ. ಆದಕಾರಣ ಈ ಲೇಖನ. ಮಾಡಿಸುವ ವಿಧಾನದ ಜೊತೆಗೆ, ಮಾಡಿಸುವಾಗ ನಾವು ಎಸಗಿದ ಒಂದು ತಪ್ಪನ್ನೂ ಇಲ್ಲಿ ಬರೆಯಬೇಕಾಗಿದೆ. ಆ ತಪ್ಪಿನಿಂದ ಇಬ್ಬರ ಪ್ರಾಣವೇ ಹೋಗುವುದರಲ್ಲಿತ್ತು.

ಕಣದ ಕಾವಲಿನ ಕಷ್ಟ ನಮ್ಮ ಬೆಳೆಗಾರ ಬಂಧುಗಳಿಗೆ ಹೊಸದಲ್ಲ. ಚಾಲಿ ಅಡಿಕೆ ಒಣಗಲು 40-45 ದಿನ ಬೇಕು. ಕಾಫಿ ಚೆರಿ ಕಣದಲ್ಲಿ ಎರಡು ವಾರವಾದರೂ ಇರುತ್ತದೆ. ಕೊಯ್ಲು ಒಂದರ ಹಿಂದೊಂದು ಬರುವುದರಿಂದ ಒಟ್ಟು ಮೂರು ತಿಂಗಳು ರಾತ್ರಿ ಯಾರಾದರೊಬ್ಬರು ಅಲ್ಲಿ ಮಲಗಲೇಬೇಕು. ಧಾರಣೆ ಏರಿದ ವರ್ಷ ಕಳ್ಳರ ಕಾಟವೂ ಏರುತ್ತದೆ. ಬಿಸಿಲು ಬೇಕೆಂದು ಮನೆಯಿಂದ ದೂರ, ಗುಡ್ಡದ ನೆತ್ತಿಯಲ್ಲಿ ಕಣ ಮಾಡಿಕೊಂಡವರ ಪಾಡಂತೂ ಹೇಳತೀರದು. ಅಲ್ಲಿ ಸೋಗೆಯ ಗುಡಿಸಲು ಹಾಕಿದರೆ ಪ್ರತಿ ವರ್ಷ ಹೊಸದಾಗಿ ಹೊದಿಸಬೇಕು. ಗೋಡೆ ಕಟ್ಟಿಸಿದರೆ ಒಂಬತ್ತು ತಿಂಗಳು ಅದು ಇಲಿ ಹೆಗ್ಗಣಗಳ ಪಾಲು. ಮಲಗುವ ಮನೆಯನ್ನೇ ಚಕ್ರದ ಮೇಲಿಟ್ಟು ಬೇಕಾದಲ್ಲಿಗೆ ಎಳೆದೊಯ್ದರೆ ಹೇಗೆ ಎಂಬ ಯೋಚನೆ ಬಂದದ್ದು ಹೀಗೆ.

ಯೋಚನೆ ನಮ್ಮ ಸ್ವಂತದ್ದೇನಲ್ಲ. ನಮ್ಮ ಹಿರಿಯರು ಕಮಾನು ಕಟ್ಟಿದ ಗಾಡಿಯಲ್ಲಿ ಹುಲ್ಲು ಹಾಸಿ ಜಾತ್ರೆಗೆ ಹೋಗಿ, ಅದರೊಳಗೇ ಮಲಗೆದ್ದು ಬರುತ್ತಿದ್ದರು. ಇಂಗ್ಲೆಂಡಿನಲ್ಲಿ ಗೋರ್ಡನ್ ಸ್ಟೇಬಲ್ಸ್ ಎಂಬ ವೈದ್ಯ 1885ರಲ್ಲಿ ಕುದುರೆ ಎಳೆಯುವ ಮನೆಗಾಡಿಯೊಂದನ್ನು ಮಾಡಿಸಿಕೊಂಡು ದೇಶ ಸುತ್ತಿದ. ಅಮೆರಿಕದಲ್ಲಿ ಸರಕು ಸಾಗಿಸುವ ಮುಚ್ಚುಗೆಯ ಟ್ರೇಲರನ್ನು ಕೊಂಡು, ಒಳಗೆ ಹಾಸಿಗೆ ಒಲೆ ಕೂಡಿಸಿ ಪ್ರವಾಸ ಹೋಗುವವರು ಈಗಲೂ ಬಹಳ ಮಂದಿ. ಅವರದು ವಿಹಾರ, ನಮ್ಮದು ಕಾವಲು. ಆದರೆ ಪೆಟ್ಟಿಗೆಯೊಂದರಲ್ಲಿ ಮನುಷ್ಯ ರಾತ್ರಿ ಕಳೆಯುವುದರ ಸಮಸ್ಯೆಗಳು ಎರಡು ಕಡೆಯೂ ಒಂದೇ.

ಕೊಯ್ಲಿನ ಕಾಲದಲ್ಲಿ ಟ್ರೇಲರಿಗೆ ಬಿಡುವೆಲ್ಲಿದೆ ಎಂದು ಕೆಲವರು ಕೇಳಿದರು. ನ್ಯಾಯವಾದ ಪ್ರಶ್ನೆ. ಒಂದೇ ಟ್ರೇಲರ್ ಇರುವವರಿಗೆ ಇದು ಹೊಂದುವುದಿಲ್ಲ. ಹೊರೆ ಹೊರುವ ಕಾಲ ಮುಗಿದ, ಅಡಿಗಟ್ಟು ಮಾತ್ರ ಗಟ್ಟಿಯಿರುವ ಹಳೆಯ ಟ್ರೇಲರೊಂದನ್ನು ಮೂರು ನಾಲ್ಕು ಜನ ನೆರೆಹೊರೆಯವರು ಸೇರಿ ಹಿಡಿದುಕೊಳ್ಳುವುದು ಜಾಣತನ. ನಮ್ಮ ಸಂಘದ್ದು 10 ಅಡಿ ಉದ್ದ, 6 ಅಡಿ ಅಗಲದ ಎರಡು ಚಕ್ರದ ಟ್ರೇಲರ್. ಹಲಗೆ ತುಕ್ಕು ಹಿಡಿದಿತ್ತು, ಅಚ್ಚು ನೆಟ್ಟಗಿತ್ತು. ಬೇರಿಂಗ್ ಬಿಚ್ಚಿ ಗ್ರೀಸ್ ತುಂಬಿಸಿ, ಬಿರುಕು ಬಿಟ್ಟ ಟೈರುಗಳನ್ನು ಬದಲಿಸಿದೆವು. ಎತ್ತಿ ಸುರಿಯುವ ಜಾತಿಯ ಟ್ರೇಲರ್ ಆಗಿದ್ದರೆ ತೊಟ್ಟಿ ಮೇಲೇಳದಂತೆ ಚಾಸಿಗೆ ಬೋಲ್ಟು ಹಾಕಿ ಕಟ್ಟಿಬಿಡಬೇಕು.

ಮೊದಲ ವರ್ಷದ ಗೂಡು ಬಹಳ ಸರಳ. ಚೌಕ ಪೈಪಿನ ಚೌಕಟ್ಟು, ಸುತ್ತ ತಗಡು, ಮೇಲೆ ತಗಡು, ಹಿಂದೆ ಬಾಗಿಲು. ಗಾಳಿಗೆಂದು ಎರಡೂ ಪಕ್ಕಗಳಲ್ಲಿ ಒಂದೊಂದು ಕಿಂಡಿ. ಮಲಗುವ ಎತ್ತರಕ್ಕೆ ಸರಿಯಾಗಿ ಕಿಂಡಿಯಿದ್ದರೆ ಒಳಗಿನವರಿಗೆ ಚೆನ್ನಾಗಿ ಗಾಳಿ ಸಿಗುವುದೆಂದು ನಾವೇ ನಿಂತು ಅಳತೆ ಕೊಟ್ಟು ಕೊರೆಸಿದೆವು. ತಪ್ಪು ನಡೆದದ್ದು ಇಲ್ಲಿಯೇ.

ಜನವರಿಯ ಒಂದು ರಾತ್ರಿ. ಮಲೆನಾಡಿನ ಆ ತಿಂಗಳ ಚಳಿಯನ್ನು ಬಣ್ಣಿಸಬೇಕಾಗಿಲ್ಲ. ಕಾವಲಿಗಿದ್ದವರು ಇಬ್ಬರು, ಒಬ್ಬ ಹಿರಿಯ, ಇನ್ನೊಬ್ಬ ಅವನ ಅಕ್ಕನ ಮಗ. ಕಿಂಡಿಯಿಂದ ನುಗ್ಗುವ ಗಾಳಿ ನೇರವಾಗಿ ಮುಖಕ್ಕೆ ಹೊಡೆಯುತ್ತಿದ್ದುದರಿಂದ ಎರಡಕ್ಕೂ ಗೋಣಿಚೀಲ ತುರುಕಿದ್ದರು. ಬಾಗಿಲ ಸಂದಿಗೆ ಹಳೆಯ ಕಂಬಳಿ. ಹತ್ತಿರದ ಮನೆಯ ಬಚ್ಚಲೊಲೆಯಿಂದ ಕಬ್ಬಿಣದ ಬಾಂಡ್ಲಿಯಲ್ಲಿ ಕೆಂಡ ತಂದು, ಹೊಗೆಯೆಲ್ಲ ಹೊರಗೇ ಹೋಗಲೆಂದು ಸ್ವಲ್ಪ ಹೊತ್ತು ಕಾದು, ನಿಗಿನಿಗಿ ಕೆಂಡವನ್ನು ಒಳಗಿಟ್ಟುಕೊಂಡು ಮಲಗಿದರು. ಬೆಳಗಿನ ಜಾವ ಹುಡುಗ ಹೊರಗೆ ಹೋಗಲೆಂದು ಎದ್ದವನು ಕಾಲು ನಿಲ್ಲದೆ ಬಾಗಿಲಿನ ಮೇಲೆಯೇ ಬಿದ್ದ. ಅಗಣಿ ಸಡಿಲವಿದ್ದುದು ಪುಣ್ಯ. ಬಾಗಿಲು ತೆರೆದುಕೊಂಡು ಗಾಳಿ ಒಳಗೆ ಬಂತು. ಅವನು ನೆಲದಲ್ಲಿ ಬಿದ್ದು ವಾಂತಿ ಮಾಡಿಕೊಂಡು, ತೆವಳುತ್ತ ಮಾವನನ್ನು ಎಳೆದು ಹಾಕಿದ. ಮಾವನಿಗೆ ಎಚ್ಚರವೇ ಇರಲಿಲ್ಲ. ಜೀಪಿನಲ್ಲಿ ಆಸ್ಪತ್ರೆಗೆ ಒಯ್ದು, ಗಂಟೆಗಟ್ಟಲೆ ಆಮ್ಲಜನಕ ಕೊಟ್ಟ ಮೇಲೆ ಆತ ಕಣ್ಣು ಬಿಟ್ಟ. ತಲೆಶೂಲೆ ವಾರದವರೆಗೂ ಹೋಗಲಿಲ್ಲ.

ನಾವು ನೋಡಲು ಹೋದಾಗ ಆತ ಹೇಳಿದ ಮಾತು ಇಷ್ಟೇ: "ಗಾಳಿ ಕಿವಿಗೇ ಹೊಡೀತಿತ್ತು ಸೆಕ್ರೆಟ್ರಿಯೋರೇ, ಅದ್ಕೇ ಗೋಣಿ ತುರುಕಿದ್ವಿ." ಕಿಂಡಿ ಮುಚ್ಚಿದವರು ಅವರಾದರೂ, ಮುಚ್ಚಲೇಬೇಕಾದಂಥ ಜಾಗದಲ್ಲಿ ಅದನ್ನು ಕೊರೆಸಿದವರು ನಾವು.

ಇದರ ಕಾರಣವನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ಕೆಂಡ ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗು ಉರಿಯುವುದಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಉಸಿರಾಟ ನಡೆದಿದ್ದರೂ ಮೈಗೆ ಆಮ್ಲಜನಕ ಸಿಗುವುದಿಲ್ಲ. ಮೊದಲು ತಲೆನೋವು, ತಲೆ ತಿರುಗು, ಓಕರಿಕೆ, ಆಮೇಲೆ ಕೈಕಾಲು ಸೋಲುವುದು. ನಿದ್ದೆಯಲ್ಲಿದ್ದವನಿಗೆ ಈ ಯಾವ ಮುನ್ಸೂಚನೆಯೂ ತಿಳಿಯದು. ಹೊಗೆಯಿದ್ದರೆ ಕೆಮ್ಮಿಯಾದರೂ ಎದ್ದಾನು. ಹೊಗೆಯಿಲ್ಲದ ಕೆಂಡ ಶುದ್ಧವೆಂಬ ನಂಬಿಕೆಯೇ ಇಲ್ಲಿ ಮೋಸ ಮಾಡುವುದು. ಇನ್ನೊಂದು ಮಾತು. 2020-21ರ ಕೋವಿಡ್ ಕಾಲದಲ್ಲಿ ಬಹುತೇಕ ಮನೆಗಳಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೊಂಡಿದ್ದೇವೆ. ಈ ವಿಷ ತಗುಲಿದವನ ಬೆರಳಿಗೆ ಅದನ್ನು ಹಾಕಿದರೆ ಎಲ್ಲ ಸರಿಯಿದೆ ಎಂದೇ ತೋರಿಸೀತು. ಅದನ್ನು ನಂಬಿ ಕೂರಬಾರದು. ಹೊರಗಿನ ಗಾಳಿಗೆ ತಂದು, ಆಮ್ಲಜನಕವಿರುವ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು.

ಕಿಂಡಿಯೊಂದು ತೆರೆದಿದ್ದರೆ ಅಗ್ಗಿಷ್ಟಿಕೆ ಇಡಬಹುದಲ್ಲವೇ ಎಂದು ಕೇಳುವವರಿದ್ದಾರೆ. ಇಡಕೂಡದು. ಕೆಂಡ, ಸೀಮೆಎಣ್ಣೆ ಸ್ಟೌ, ಗ್ಯಾಸಿನ ಒಲೆ ಯಾವುದೂ ಇಂಥ ಗೂಡಿನೊಳಗೆ ಬೇಡ. ಬೆಂಕಿ ಹೊರಗೆ, ಗಾಳಿ ಬೀಸುವ ದಿಕ್ಕಿಗೆ ಎದುರಾಗದಂತೆ. ಈ ಅನಿಲವಿದ್ದರೆ ಕೂಗುವ, ಬ್ಯಾಟರಿಯ ಪುಟ್ಟ ಯಂತ್ರಗಳು ಈಗ ದೊರೆಯುತ್ತವೆ. ನಾವೂ ಒಂದನ್ನು ಹಾಕಿಸಿದ್ದೇವೆ. ಆದರೂ ನಿಯಮವನ್ನು ಸಡಿಲಿಸಿಲ್ಲ.

ಬೆಂಕಿ ಬೇಡವೆಂದ ಮೇಲೆ ಬೆಚ್ಚಗಿರುವ ದಾರಿಯನ್ನು ನಾವೇ ಮಾಡಿಕೊಡಬೇಕಲ್ಲ. ಎರಡನೆಯ ಗೂಡಿನಲ್ಲಿ ಮಾಡಿದ್ದು ಅದನ್ನೇ. ಹೊರಗಿನ ತಗಡಿಗೂ ಒಳಗಿನ ಹಲಗೆಗೂ ನಡುವೆ ಒಂದೂವರೆ ಅಂಗುಲ ಅಂತರವಿಟ್ಟು ಥರ್ಮೊಕೋಲ್ ಕೂಡಿಸಿದೆವು. ಒಳಗಡೆಗೆ ತೋಟದ್ದೇ ಸಿಲ್ವರ್ ಓಕ್ ಹಲಗೆ. ಥರ್ಮೊಕೋಲಿಗೆ ಬೆಂಕಿ ತಗುಲಿದರೆ ವಿಷದ ಕರಿಹೊಗೆ ಏಳುವುದರಿಂದ ಅದು ಎಲ್ಲಿಯೂ ಬರಿದಾಗಿ ಕಾಣಬಾರದು. ವೆಲ್ಡಿಂಗ್ ಕೆಲಸವೆಲ್ಲ ಮುಗಿದ ಮೇಲೆಯೇ ಅದನ್ನು ಒಳಗೆ ತರಬೇಕು. ಖರ್ಚು ಉಳಿಸಲೆಂದು ಭತ್ತದ ಹೊಟ್ಟು ತುಂಬುವ ಸಲಹೆ ಬಂದಿತ್ತು. ಹೊಟ್ಟು ತೇವ ಹೀರುತ್ತದೆ, ಇಲಿ ಮರಿ ಹಾಕುತ್ತದೆ. ಬೇಡವೆಂದೆವು.

ಕಿಂಡಿಗಳ ಜಾಗವನ್ನೂ ಬದಲಿಸಿದೆವು. ಒಂದು ಕಿಂಡಿ ಮುಂಭಾಗದಲ್ಲಿ, ಮಂಚದ ಕೆಳಗೆ, ಅರ್ಧ ಅಡಿ ಚೌಕ. ಇನ್ನೊಂದು ಹಿಂಭಾಗದಲ್ಲಿ, ಸೂರಿನ ಕೆಳಗೆ, ಅಷ್ಟೇ ಅಳತೆ, ಮೇಲೆ ಮಳೆ ಇಬ್ಬನಿ ಬೀಳದಂತೆ ತಗಡಿನ ಟೋಪಿ. ಎರಡಕ್ಕೂ ಹಾವು ಹುಳ ಬಾರದಂತೆ ಜಾಲರಿ. ಮುಚ್ಚಳವನ್ನಂತೂ ಬೇಕೆಂದೇ ಇಟ್ಟಿಲ್ಲ. ತಣ್ಣನೆಯ ಗಾಳಿ ಕೆಳಗಿನಿಂದ ಬಂದು, ಮೈಯ ಕಾವಿಗೆ ಬೆಚ್ಚಗಾಗಿ ಮೇಲಿನಿಂದ ಹೋಗುತ್ತದೆ. ಮಲಗಿದವರ ಮುಖಕ್ಕೆ ಹೊಡೆಯುವುದಿಲ್ಲ. ಈಗ ಎರಡು ಕೊಯ್ಲು ಕಳೆದಿವೆ. ಯಾರೂ ಗೋಣಿ ತುರುಕಿಲ್ಲ. ಹೋದಾಗಲೆಲ್ಲ ನಾವು ಮೊದಲು ನೋಡುವುದು ಅದನ್ನೇ.

ಈ ಗಾಳಿಯಿಂದ ಮತ್ತೊಂದು ಲಾಭವೂ ಉಂಟು. ಇಬ್ಬರು ರಾತ್ರಿಯಿಡೀ ಮಲಗಿದರೆ ಉಸಿರು ಬೆವರಿನಿಂದ ಸುಮಾರು ಅರ್ಧ ಲೀಟರಿನಷ್ಟು ನೀರು ಆವಿಯಾಗಿ ಹೊರಬರುತ್ತದೆ. ಮೊದಲ ಗೂಡಿನಲ್ಲಿ ಅದು ತಣ್ಣನೆಯ ತಗಡಿಗೆ ತಾಗಿ, ಬೆಳಗಿನ ಜಾವ ಕಂಬಳಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಸೂರು ಸೋರುತ್ತಿದೆಯೆಂದು ನಾವು ಎರಡು ಸಲ ಟಾರು ಬಳಿಸಿದ್ದೆವು! ಈಗ ಹಾಸಿಗೆ ಒಣಗಿರುತ್ತದೆ. ಮಂಚಕ್ಕೆ ಹಲಗೆಯ ಬದಲು ಅಡಿಕೆ ದಬ್ಬೆಯನ್ನು ಬೆರಳು ಸಂದಿ ಬಿಟ್ಟು ಹೊಡೆಸಿದ್ದು ಕೂಡ ಇದೇ ಕಾರಣಕ್ಕೆ. ಎರಡು ಒಳ್ಳೆಯ ಕಂಬಳಿ, ಒಂದು ಬಿಸಿನೀರಿನ ರಬ್ಬರ್ ಚೀಲ ಗಾಡಿಯ ಸಾಮಾನಿನ ಪಟ್ಟಿಯಲ್ಲಿಯೇ ಸೇರಿವೆ.

ಬಾಗಿಲು ಹೊರಕ್ಕೆ ತೆರೆಯಬೇಕು, ಅಗಣಿ ಒಳಗಿನಿಂದಲೂ ಬಿಚ್ಚುವಂತಿರಬೇಕು. ಸರಕು ಗಾಡಿಯ ಬಾಗಿಲಿಗೆ ಹೊರಗಡೆ ಮಾತ್ರ ಚಿಲಕವಿರುತ್ತದೆ, ಅದನ್ನು ಹಾಗೆಯೇ ಉಳಿಸಿಕೊಂಡರೆ ಅನಾಹುತ. ಬಾಗಿಲಿನ ಎದುರು ಗೋಡೆಯಲ್ಲಿ ಮನುಷ್ಯ ನುಸುಳುವಷ್ಟು ಅಗಲದ ಕಿಟಕಿಯೊಂದಿರಲಿ.

ಗೂಡಿನ ತೂಕ ನಮ್ಮ ಲೆಕ್ಕದಲ್ಲಿ ನಾಲ್ಕು ಕ್ವಿಂಟಲ್ ಆಸುಪಾಸು. ಟ್ರೇಲರಿಗೆ ಅದೊಂದು ಭಾರವೇ ಅಲ್ಲ. ತೊಂದರೆ ಎತ್ತರದ್ದು. ನಿಂತರೆ ತಲೆ ತಾಗಬಾರದೆಂದು ಆರೂವರೆ ಅಡಿ ಮಾಡಿಸಿದರೆ ನೆಲದಿಂದ ಹತ್ತಡಿ ಆಗುತ್ತದೆ. ತೋಟದ ಓರೆ ರಸ್ತೆಯಲ್ಲಿ ವಾಲುತ್ತದೆ, ಜೋತುಬಿದ್ದ ಹಳೆಯ ವಿದ್ಯುತ್ ತಂತಿಗಳ ಭಯ ಬೇರೆ. ತಲೆ ತಗ್ಗಿಸುವುದೇ ಮೇಲೆಂದು ನಾವು ಐದೂವರೆ ಅಡಿಗೆ ನಿಲ್ಲಿಸಿದೆವು. ಮಂಚ, ಪೆಟ್ಟಿಗೆ ಮುಂತಾದ ಭಾರದ ವಸ್ತುಗಳು ಅಚ್ಚಿನಿಂದ ತುಸು ಮುಂದಕ್ಕೇ ಇರಬೇಕು. ಹಿಂಭಾರವಾದರೆ ಎಳೆಯುವಾಗ ಮೂಕಿ ಮೇಲೇಳುತ್ತದೆ, ಗಾಡಿ ಅತ್ತಿತ್ತ ಬಾಲ ಬೀಸುತ್ತದೆ. ಟ್ರಾಕ್ಟರಿನಿಂದ ಬಿಡಿಸಿದ ಮೇಲೆ ನಾಲ್ಕು ಮೂಲೆಗೂ ಕಾಲು ಕೊಟ್ಟು, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲಿಟ್ಟ ಹೊರತು ಯಾರೂ ಒಳಗೆ ಹತ್ತಬಾರದು.

ದೀಪಕ್ಕೆ 40 ವ್ಯಾಟಿನ ಸೌರಫಲಕ, 12 ವೋಲ್ಟಿನ ಬ್ಯಾಟರಿ, 5 ವ್ಯಾಟಿನ ಎಲ್‌ಇಡಿ ಸಾಕು. ಮೊಬೈಲು ಚಾರ್ಜಿಗೂ ಆಗುತ್ತದೆ. ಸೀಸ-ಆಮ್ಲದ ಬ್ಯಾಟರಿಯಾದರೆ ಚಾರ್ಜಾಗುವಾಗ ಜಲಜನಕ ಬಿಡುವುದರಿಂದ ಅದನ್ನು ಗೂಡಿನ ಹೊರಗೆ, ಮೂಕಿಯ ಮೇಲೆ ಮರದ ಪೆಟ್ಟಿಗೆಯಲ್ಲಿಡಬೇಕು.

ಕಾನೂನಿನ ವಿಷಯ. ಮೋಟಾರು ವಾಹನಗಳ ಕಾಯಿದೆ, 1988ರ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟು ನೋಂದಣಿ ಪತ್ರದಲ್ಲಿ ನಮೂದಾದ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಆದಕಾರಣ ನಾವು ಗೂಡನ್ನು ಟ್ರೇಲರಿಗೆ ಬೆಸೆದಿಲ್ಲ. ಯು ಆಕಾರದ ಬೋಲ್ಟುಗಳಿಂದ ಕಟ್ಟಿ, ಕೊಯ್ಲು ಮುಗಿದೊಡನೆ ಬಿಚ್ಚಿ ಇಳಿಸುವಂತೆ ಮಾಡಿದ್ದೇವೆ. ಹಾಗಿದ್ದರೂ ಡಾಂಬರು ರಸ್ತೆಗೆ ಇಳಿಸುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸಿಕೊಳ್ಳಿ. ಗಾಡಿ ಚಲಿಸುವಾಗ ಒಳಗೆ ಒಬ್ಬರೂ ಇರಕೂಡದು, ಅದು ತೋಟದೊಳಗಿನ ನೂರು ಗಜವಾದರೂ ಸರಿ.

ಆನೆ ಓಡಾಡುವ ಸ್ಥಳದವರಿಗೆ ಒಂದು ಎಚ್ಚರಿಕೆ. ತಗಡಿನ ಗೂಡು ಕಳ್ಳನಿಗೆ ತಡೆಯಾದೀತು, ಆನೆಗೆ ಅಲ್ಲ. ಅಕ್ಕಿ, ಉಪ್ಪು, ಹಲಸು, ಹೆಂಡದ ವಾಸನೆಗೆ ಆನೆ ಗೋಡೆಯನ್ನೇ ಕೆಡವುತ್ತದೆ. ಗಾಡಿಯನ್ನು ಆನೆದಾರಿಯ ಸಮೀಪ ನಿಲ್ಲಿಸಲೇಬೇಡಿ. ಆನೆ ಬಂದಿರುವ ಸುದ್ದಿ ತಿಳಿದ ರಾತ್ರಿ ಕಾವಲನ್ನೇ ಬಿಟ್ಟು ಮನೆಯಲ್ಲಿರಲು ಹೇಳಿ. ಹೋದರೆ ಒಂದೆರಡು ಮೂಟೆ ಹೋದೀತು.

ಖರ್ಚನ್ನು ಇಲ್ಲಿ ಬರೆದಿಲ್ಲ. ಕಬ್ಬಿಣದ ದರ ಇಂದಿನದು ನಾಳೆಗಿಲ್ಲ. ಅಳತೆಯ ನಕ್ಷೆ ಮತ್ತು ಸಾಮಾನಿನ ಪಟ್ಟಿ ಸಂಘದ ಕಚೇರಿಯಲ್ಲಿವೆ, ಸದಸ್ಯರು ಬಂದು ನಕಲು ಮಾಡಿಕೊಳ್ಳಬಹುದು. ಸಂಘದ ಗಾಡಿಯನ್ನು ಸರದಿಯ ಮೇಲೆ ಕೊಡುತ್ತೇವೆ. ಕೊಂಡೊಯ್ಯುವವರು ಕಾವಲಿಗೆ ಮಲಗುವವರನ್ನು ಜೊತೆಗೆ ಕರೆತರಬೇಕು. ಒಳಗೆ ಕೆಂಡ ಒಯ್ಯಬಾರದೆಂಬುದನ್ನು ಅವರಿಗೆ ನಾವೇ ಎದುರು ನಿಂತು ಹೇಳುತ್ತೇವೆ. ಆ ಹಿರಿಯನೂ ಈಗ ನಮ್ಮ ಗೋದಾಮಿನಲ್ಲೇ ಕೆಲಸಕ್ಕಿದ್ದಾನೆ. ನಮಗಿಂತ ಚೆನ್ನಾಗಿ ಆತನೇ ಹೇಳುತ್ತಾನೆ.